ಗಿರಾಕಿಗೆ ಓದಿ ಹೇಳುವಂಥ ಕರಾರು

ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಹೊಲ ಹಿಡಿಯಲು ಹೊರಟ ರೈತ ಬಾಂಡ್ ರೈಟರ್ ಎದುರು ಕೂತರೆ ಅವಸರ ಮಾಡುವುದಿಲ್ಲ. ಉತಾರ ಬಿಚ್ಚಿ ತೋರಿಸುತ್ತಾನೆ, ಸರ್ವೆ ನಂಬರ್ ಎರಡು ಸಲ ಹೇಳಿಸುತ್ತಾನೆ, ಚಕ್ಕುಬಂದಿ ಬಂದ ಕೂಡಲೇ ತಡೆಯುತ್ತಾನೆ: "ನಿಲ್ರಿ, ಮೂಡಲಕ್ಕ ಯಾರ ಹೊಲ ಅಂತ ಬರದ್ರಿ? ಇನ್ನೊಮ್ಮೆ ಓದ್ರಿ." ಪೂರ್ತಿ ಓದಿಸಿ ಕೇಳಿ, ಜೊತೆಗೆ ಬಂದ ಅಳಿಯ ಹೌದೆಂದ ಮೇಲೆಯೇ ಸಹಿ, ಇಲ್ಲವೆ ಹೆಬ್ಬೆಟ್ಟು.

ಅದೇ ಮನುಷ್ಯ ನಾಲ್ಕು ಹೆಜ್ಜೆ ಆಚೆಯ ಝೆರಾಕ್ಸ್ ಅಂಗಡಿಗೆ ಬಂದು ಫೋನಿಗೊಂದು ಆ್ಯಪ್ ಹಾಕಿಸಿಕೊಳ್ಳುವಾಗ ಮಾತುಕತೆ ಬೇರೆ.

"ಇಲ್ಲಿ ಒತ್ರಿ, ಕಾಕಾ."

"ಏನ್ ಬರದೈತಿ ಅದರಾಗ?"

"ಏನಿಲ್ಲ ಬಿಡ್ರಿ. ಎಲ್ಲಾರೂ ಒತ್ತೂದ ಐತಿ."

ಒತ್ತುತ್ತಾನೆ. ಎರಡೂ ಕರಾರೇ. ಮೊದಲನೆಯದು ಅವನ ಕಿವಿಗೆ ಬಿತ್ತು, ಎರಡನೆಯದು ಬೀಳಲಿಲ್ಲ. ವೆಬ್‌ಸೈಟು, ಆ್ಯಪ್‌ಗಳ ಷರತ್ತುಗಳ ಬಗ್ಗೆ ಒತ್ತುವವರಲ್ಲೂ ಬರೆಸುವವರಲ್ಲೂ ಬೇರೂರಿರುವ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಷರತ್ತುಗಳನ್ನು ಯಾರೂ ಓದುವುದಿಲ್ಲ, ಸರಳವಾಗಿ ಬರೆದರೂ ಅಷ್ಟೇ.

ವಾಸ್ತವ: ಓದುವುದಿಲ್ಲ ಎಂಬುದು ನಿಜ. 2017ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಪರ್ಪಲ್ ಎಂಬ ವೈಫೈ ಕಂಪನಿ ತನ್ನ ಷರತ್ತುಗಳ ನಡುವೆ ಬೇಕೆಂದೇ ಒಂದು ತಮಾಷೆಯ ಕಲಮು ಸೇರಿಸಿತು: ಉಚಿತ ವೈಫೈ ಬಳಸುವವರು 1,000 ಗಂಟೆ ಸಮಾಜಸೇವೆ ಮಾಡಬೇಕು, ಅದರಲ್ಲಿ ಶೌಚಾಲಯ ತೊಳೆಯುವುದೂ ಸೇರಿದೆ ಎಂದು. ಎರಡು ವಾರದಲ್ಲಿ 22,000 ಜನ ಒಪ್ಪಿದರು. ಕಲಮನ್ನು ಗುರುತಿಸಿದ್ದು ಒಬ್ಬರೇ.

ಹಾಗೆಂದು ಜನರನ್ನು ಸೋಮಾರಿಗಳು ಎನ್ನುವಂತಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2008ರಲ್ಲೇ ಲೆಕ್ಕ ಹಾಕಿದ್ದರು: ಒಬ್ಬ ಮನುಷ್ಯ ತಾನು ನೋಡುವ ಎಲ್ಲ ಸೈಟುಗಳ ಗೌಪ್ಯತಾ ನೀತಿ ಓದಲು ಕೂತರೆ ವರ್ಷಕ್ಕೆ 200 ಗಂಟೆಗೂ ಹೆಚ್ಚು ಬೇಕು. ಇನ್ನು ದಿನಗೂಲಿಯವನ ಅಂಗೈ ಅಗಲದ ಪರದೆಯಲ್ಲಿ, ಬೂದು ಬಣ್ಣದ ಚಿಕ್ಕ ಅಕ್ಷರದಲ್ಲಿ, ಬಾರದ ಭಾಷೆಯಲ್ಲಿ ಅದನ್ನು ಓದುವವರು ಯಾರು? ತನಗೆ ಸಂಬಂಧಪಟ್ಟ ಮಾತು ಇಲ್ಲಿದೆ, ತನಗೆ ಅದು ತಿಳಿಯುತ್ತದೆ ಎಂದು ಗೊತ್ತಿದ್ದರೆ ನಮ್ಮ ಜನ ಬಿಡುವುದಿಲ್ಲ. ಬಾಂಡ್ ರೈಟರ್ ಎದುರು ಕೂತ ರೈತನೇ ಸಾಕ್ಷಿ. ಇನ್ನೊಂದು ಮಾತು. ಖಾತೆ ತೆರೆಯುವಾಗ ಯಾರೂ ಓದದ ಷರತ್ತನ್ನು ಮಾಲು ವಾಪಸ್ ಮಾಡುವಾಗ ಎಲ್ಲರೂ ಹುಡುಕುತ್ತಾರೆ. ವಾಪಸಿನ ಷರತ್ತು ಇರಬೇಕಾದದ್ದು ವಾಪಸಿನ ಗುಂಡಿಯ ಪಕ್ಕದಲ್ಲಿ, ಪುಟದ ಬುಡದಲ್ಲಿ ಅಲ್ಲ.

ತಪ್ಪು ಕಲ್ಪನೆ 2: ಒತ್ತಿದ ಮೇಲೆ ಮುಗಿಯಿತು, ಬರೆದದ್ದೆಲ್ಲ ನಮ್ಮನ್ನು ಕಟ್ಟಿಹಾಕುತ್ತದೆ.

ವಾಸ್ತವ: ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆಯೂ ಇದೆ: "ಸಹಿ ಮಾಡಿಲ್ಲ, ಬರೀ ಒತ್ತೀನಿ, ಅದೇನ ಕರಾರs?" ಎರಡೂ ಪೂರ್ತಿ ಸರಿಯಲ್ಲ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 10ಎ ಪ್ರಕಾರ, ಕಂಪ್ಯೂಟರ್ ಮೂಲಕ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ. ಒತ್ತಿದ್ದಕ್ಕೆ ಬೆಲೆಯಿದೆ.

ಆದರೆ ಬರೆದದ್ದೆಲ್ಲ ನಿಲ್ಲುತ್ತದೆ ಎಂದೂ ಅಲ್ಲ. ಚೌಕಾಸಿಗೆ ಎಡೆಯೇ ಇಲ್ಲದೆ, ಬಲಾಢ್ಯನು ಬಡವನ ಮೇಲೆ ಹೇರಿದ ಅನ್ಯಾಯದ ಕಲಮು ಸಿಂಧುವಲ್ಲ ಎಂದು ಸುಪ್ರೀಂ ಕೋರ್ಟ್ 1986ರ ಬ್ರೋಜೊನಾಥ್ ಗಂಗೂಲಿ ಪ್ರಕರಣದಲ್ಲಿ ಹೇಳಿತು. ಅದು ನೌಕರಿಯ ಕರಾರು. ಅದೇ ಕೋರ್ಟ್ 2019ರ ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ ಬಿಲ್ಡರ್ ಒಬ್ಬರು ಬರೆಸಿದ ಏಕಪಕ್ಷೀಯ ಮನೆ ಕರಾರು ಕೊಂಡವರನ್ನು ಕಟ್ಟಿಹಾಕಲಾರದು ಎಂದಿತು. ಅದೇ ವರ್ಷದ ಗ್ರಾಹಕ ಸಂರಕ್ಷಣಾ ಕಾಯ್ದೆ "ಅನ್ಯಾಯದ ಕರಾರು" ಎಂದರೇನು ಎಂದು ಬಿಡಿಸಿ ಹೇಳಿದೆ: ಆದ ನಷ್ಟಕ್ಕೆ ಅಳತೆಯಿಲ್ಲದ ದಂಡ, ಅತಿಯಾದ ಠೇವಣಿ, ಅವಧಿಗೆ ಮುಂಚೆ ಸಾಲ ತೀರಿಸಲು ಬಂದರೆ ಒಲ್ಲೆನೆನ್ನುವುದು, ಕಾರಣ ಹೇಳದೆ ಒಂದೇ ಕಡೆಯಿಂದ ಕರಾರು ಮುರಿಯುವುದು. ಅಂಥ ಕಲಮನ್ನು ಅನೂರ್ಜಿತ ಎಂದು ಸಾರುವ ಅಧಿಕಾರ ರಾಜ್ಯ ಗ್ರಾಹಕ ಆಯೋಗಕ್ಕೆ ಇದೆ.

ತಪ್ಪು ಕಲ್ಪನೆ 3: ಕಾನೂನಿನ ಭಾಷೆ ಗಡಚಾಗಿಯೇ ಇರಬೇಕು, ಸರಳವಾಗಿ ಬರೆದರೆ ಕೋರ್ಟಿನಲ್ಲಿ ನಿಲ್ಲದು.

ವಾಸ್ತವ: ಹಳೆಯ ಶಾಸನಗಳನ್ನೇ ನೋಡಿ. ಖಾನಾಪುರ ತಾಲೂಕಿನ ಹಲಸಿ ಒಂದು ಕಾಲಕ್ಕೆ ಕದಂಬ ಅರಸರ ಪಲಾಸಿಕಾ ಪಟ್ಟಣ. ಅಲ್ಲಿ ಸಿಕ್ಕ ಕದಂಬರ ತಾಮ್ರಪಟಗಳು ಸಂಸ್ಕೃತದಲ್ಲಿವೆ. ಮುಂದಿನ ಶತಮಾನಗಳಲ್ಲಿ ಕನ್ನಡನಾಡಿನ ಶಾಸನ ಬರೆದವರು ಜಾಣ ದಾರಿಯೊಂದನ್ನು ಕಂಡುಕೊಂಡರು. ಅನೇಕ ಶಾಸನಗಳಲ್ಲಿ ರಾಜನ ಹೊಗಳಿಕೆ ಸಂಸ್ಕೃತದಲ್ಲಿದ್ದರೆ ಹೊಲದ ಎಲ್ಲೆ, ಅಳತೆ, ದತ್ತಿಯ ಕಟ್ಟುಪಾಡು ಕನ್ನಡದಲ್ಲಿವೆ. ಹೊಗಳಿಕೆ ಯಾರಿಗೆ ತಿಳಿಯದಿದ್ದರೂ ನಡೆಯುತ್ತದೆ. ಎಲ್ಲೆ ಮಾತ್ರ ಉಳುವವನಿಗೂ ಪಕ್ಕದ ಹೊಲದವನಿಗೂ ತಿಳಿಯಬೇಕು, ಇಲ್ಲದಿದ್ದರೆ ನಾಳೆಯೇ ಜಗಳ. ಇಂದಿನ ವೆಬ್‌ಸೈಟುಗಳು ಇದನ್ನು ತಿರುವುಮುರುವು ಮಾಡಿವೆ. ಜಾಹೀರಾತು ಸೊಗಸಾದ ಕನ್ನಡದಲ್ಲಿ, ಕಟ್ಟುಪಾಡು ಯಾರಿಗೂ ತಿಳಿಯದ ಇಂಗ್ಲಿಷಿನಲ್ಲಿ.

ಗಡಚು ಭಾಷೆಯಿಂದ ಕೋರ್ಟಿನಲ್ಲಿ ಬಲ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕರಾರಿನ ಮಾತು ಎರಡು ಅರ್ಥಕ್ಕೆ ಎಡೆಕೊಟ್ಟರೆ ಬರೆದವನಿಗೆ ವಿರುದ್ಧವಾದ ಅರ್ಥವನ್ನೇ ಹಿಡಿಯಬೇಕು ಎಂಬ ಹಳೆಯ ನಿಯಮವೊಂದಿದೆ. ವಿಮೆ ಪಾಲಿಸಿಯ ವ್ಯಾಜ್ಯಗಳಲ್ಲಿ ನಮ್ಮ ನ್ಯಾಯಾಲಯಗಳು ಅದನ್ನು ಹಲವು ಸಲ ಬಳಸಿವೆ. ಅಮೆರಿಕದ ಸಿಟಿಬ್ಯಾಂಕ್ 1975ರಲ್ಲೇ ತನ್ನ ಸಾಲಪತ್ರವನ್ನು ಸಾಮಾನ್ಯರ ಮಾತಿಗೆ ಇಳಿಸಿತು. ಮುಂದೆ ನ್ಯೂಯಾರ್ಕ್ ರಾಜ್ಯ ಗ್ರಾಹಕ ಕರಾರುಗಳು ಸರಳ ಮಾತಿನಲ್ಲಿರಬೇಕೆಂದು ಕಾನೂನನ್ನೇ ಮಾಡಿತು.

ಸರಳವಾಗಿ ಬರೆಯುವುದು ಹೇಗೆ ಕೆಲಸ ಮಾಡುತ್ತದೆ ನೋಡಿ. ಸೈಟುಗಳಲ್ಲಿ ಕಾಣುವ ಧಾಟಿಯ ವಾಕ್ಯ ಇದು: "ಬಳಕೆದಾರನು ಕಂಪನಿಯನ್ನು, ಅದರ ಅಂಗಸಂಸ್ಥೆಗಳನ್ನು, ಅಧಿಕಾರಿಗಳನ್ನು ಮತ್ತು ಏಜೆಂಟರನ್ನು ಯಾವುದೇ ಮತ್ತು ಎಲ್ಲಾ ಹಕ್ಕುಕೋರಿಕೆಗಳಿಂದ ಹಾನಿರಹಿತವಾಗಿ ಇರಿಸಲು ಮತ್ತು ನಷ್ಟಭರ್ತಿ ಮಾಡಲು ಈ ಮೂಲಕ ಸಮ್ಮತಿಸುತ್ತಾನೆ." ಇದನ್ನೇ ಹೀಗೆ ಬರೆಯಬಹುದು: "ನೀವು ನಮ್ಮ ಸೈಟಿನಲ್ಲಿ ಕಾನೂನುಬಾಹಿರವಾದದ್ದನ್ನು ಹಾಕಿ, ಅದರಿಂದ ಯಾರಾದರೂ ನಮ್ಮ ಮೇಲೆ ದಾವೆ ಹೂಡಿದರೆ, ಆ ಖರ್ಚನ್ನು ನೀವು ಕೊಡಬೇಕಾಗುತ್ತದೆ." ಎರಡನೆಯದನ್ನು ಬರೆಯುವಾಗ "ಯಾವಾಗ?" ಎಂಬ ಪ್ರಶ್ನೆಗೆ ಉತ್ತರ ಹೇಳಲೇಬೇಕಾಯಿತು. ಮೊದಲನೆಯದರಲ್ಲಿ ಆ ಉತ್ತರವೇ ಇರಲಿಲ್ಲ. ಉದ್ದನೆಯ ವಾಕ್ಯ ಅದನ್ನು ನುಂಗಿಕೊಂಡಿತ್ತು.

ತಪ್ಪು ಕಲ್ಪನೆ 4: ಇಂಗ್ಲಿಷಿನದನ್ನು ಕನ್ನಡಕ್ಕೆ ಅನುವಾದಿಸಿದರೆ ಸಾಕು.

ವಾಸ್ತವ: ಭಾಷೆ ಬೇಕು ಎಂಬುದನ್ನು ಕಾನೂನು ಒಪ್ಪಿದೆ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ. ಖಾನಾಪುರದ ಸಂತೆಯಲ್ಲಿ ಕಿವಿಗೆ ಬೀಳುವ ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಅದರಲ್ಲಿವೆ. ಬಳಕೆದಾರರ ಕರಾರು ಮತ್ತು ನಿಯಮಗಳನ್ನು ಇಂಗ್ಲಿಷಿನಲ್ಲೋ ಈ ಪೈಕಿ ಬಳಸುವವರು ಆರಿಸಿದ ಭಾಷೆಯಲ್ಲೋ ತಿಳಿಸಬೇಕು ಎಂದು ಮಾಹಿತಿ ತಂತ್ರಜ್ಞಾನ ನಿಯಮಗಳ 2022ರ ಅಕ್ಟೋಬರ್ ತಿದ್ದುಪಡಿ ಸಾಮಾಜಿಕ ಜಾಲತಾಣದಂಥ ಮಧ್ಯವರ್ತಿ ಕಂಪನಿಗಳಿಗೆ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿದೆ: ಒಪ್ಪಿಗೆ ಕೇಳುವ ಮಾತು ಸ್ಪಷ್ಟವಾಗಿ ಸರಳವಾಗಿ ಇರಬೇಕು, ಈ 22ರಲ್ಲಿ ಬೇಕಾದ ಭಾಷೆಯಲ್ಲಿ ನೋಡುವ ಅವಕಾಶ ಇರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಒಪ್ಪಿಗೆಗೆ ಸಂಬಂಧಿಸಿದ ಭಾಗಕ್ಕೆ ಹದಿನೆಂಟು ತಿಂಗಳ ಗಡುವು, ಅಂದರೆ 2027ರ ಮೇ.

ಆದರೆ ಯಂತ್ರದಿಂದ ಇಳಿದ ಕನ್ನಡ ಇಂಗ್ಲಿಷಿಗಿಂತ ಕಷ್ಟ. ನಮ್ಮ ಭಾಷೆಯ ಹದವೇ ಬೇರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, "ಇಲ್ಲ" ಅದಕ್ಕೂ ಕೊನೆಗೆ. ನಲವತ್ತು ಪದಗಳ ವಾಕ್ಯ ಓದುತ್ತ ಹೋದವನಿಗೆ ದುಡ್ಡು ವಾಪಸ್ ಬರುತ್ತದೆಂದೇ ಅನಿಸುತ್ತಿರುತ್ತದೆ. ಕೊನೆಯ ಪದದಲ್ಲಿ ಬಾಗಿಲು ಮುಚ್ಚುತ್ತದೆ. ಹಾಗಾಗಿ ಕನ್ನಡದ ಷರತ್ತಿನಲ್ಲಿ ನಿರಾಕರಣೆ ಇದ್ದರೆ ವಾಕ್ಯ ಚಿಕ್ಕದಿರಬೇಕು. "ಹೊರತು", "ಇಲ್ಲದಿದ್ದಲ್ಲಿ", "ಆಗತಕ್ಕದ್ದಲ್ಲ" ಮೂರೂ ಒಂದೇ ಸಾಲಿನಲ್ಲಿ ಬಂದರೆ ಬಿಡಿಸಿ ಬರೆಯಬೇಕು. "ಸದರಿ", "ಮೇಲ್ಕಾಣಿಸಿದ", "ತತ್ಸಂಬಂಧ" ಬೇಡ. "ಬಳಕೆದಾರನು" ಬೇಡ, "ನೀವು" ಸಾಕು. ಬೆಳಗಾವಿ ಕಡೆಯವರಿಗೆ ಕರಾರು, ಜಾಮೀನು, ವಾಯಿದೆ, ಮಾಲು, ಗಿರಾಕಿ, ರೀಫಂಡ್ ಎಲ್ಲವೂ ಗೊತ್ತು. "ಮರುಪಾವತಿ" ಎಂದರೆ ಸಾಲ ತೀರಿಸುವುದೋ ದುಡ್ಡು ವಾಪಸ್ ಬರುವುದೋ ಎಂದು ಒಂದು ಗಳಿಗೆ ಯೋಚಿಸುತ್ತಾರೆ. ಆ ಗಳಿಗೆಯಲ್ಲೇ ಅರ್ಥ ಜಾರುವುದು.

ಇನ್ನೊಂದನ್ನು ನಗರದವರು ಮರೆಯುತ್ತಾರೆ. ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ ಕಡೆಯ ಮನೆಗಳಲ್ಲಿ ಫೋನಿನ ಪರದೆಯನ್ನು ಎಷ್ಟೋ ಸಲ ಶಾಲೆಗೆ ಹೋಗುವ ಮಗಳು ಓದಿ ಹೇಳುತ್ತಾಳೆ, ದೊಡ್ಡವರು ಕೇಳುತ್ತಾರೆ. ಕಣ್ಣಿಗಷ್ಟೇ ಅಲ್ಲ, ಕಿವಿಗೂ ತಿಳಿಯಬೇಕು.

ತಪ್ಪು ಕಲ್ಪನೆ 5: ಸರಳ ಎಂದರೆ ಚಿಕ್ಕದು.

ವಾಸ್ತವ: "ನಿಮ್ಮ ಮಾಹಿತಿಯನ್ನು ನಮ್ಮ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು." ಚಿಕ್ಕ ವಾಕ್ಯ, ಸರಳ ಪದಗಳು. ಯಾವ ಮಾಹಿತಿ? ಯಾವ ಪಾಲುದಾರರು? ಏತಕ್ಕೆ? ಒಂದಕ್ಕೂ ಉತ್ತರವಿಲ್ಲ. "ನಿಮ್ಮ ಹೆಸರು, ವಿಳಾಸ, ಫೋನ್ ನಂಬರನ್ನು ಪಾರ್ಸೆಲ್ ತಲುಪಿಸುವ ಕೊರಿಯರ್‌ನವರಿಗೆ ಮಾತ್ರ ಕೊಡುತ್ತೇವೆ" ಎಂಬುದು ಅದಕ್ಕಿಂತ ಉದ್ದ, ಆದರೆ ಇದೇ ಸರಳ.

ಉದ್ದ ಬೇಕಾದ ಕಡೆ ಪದರು ಮಾಡಬಹುದು. ಬರಹ, ಚಿತ್ರಗಳನ್ನು ಇತರರೂ ಬಳಸಲು ಬಿಡುವ, 2002ರಲ್ಲಿ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಿಗೆ ಮೂರು ಪದರುಗಳಿವೆ: ವಕೀಲರಿಗಾಗಿ ಪೂರ್ಣ ಪಾಠ, ಸಾಮಾನ್ಯರಿಗಾಗಿ ಒಂದು ಪುಟದ ಸಾರ, ಕಂಪ್ಯೂಟರ್‌ಗಾಗಿ ಸಂಕೇತ. ಚಿತ್ರಗಳ ಜಾಲತಾಣ ಪಿಂಟರೆಸ್ಟ್ ತನ್ನ ಕಲಮುಗಳ ಜೊತೆಗೆ ಅವುಗಳ ಸಾರವನ್ನೂ ಸರಳ ಮಾತಿನಲ್ಲಿ ಕೊಡುತ್ತದೆ. ಒಂದು ಎಚ್ಚರಿಕೆ ಬೇಕು. ಸಾರ ಒಂದು ಹೇಳಿ ಪೂರ್ಣ ಪಾಠ ಇನ್ನೊಂದು ಹೇಳಿದರೆ ಅದು ಮೋಸ. ಸಾರದ ಮಾತಿಗೆ ತಾವು ಬದ್ಧರು ಎಂದು ಅಲ್ಲೇ ಬರೆಯುವ ಧೈರ್ಯ ಇರುವವರೇ ಸಾರ ಬರೆಯಲಿ.

ತಪ್ಪು ಕಲ್ಪನೆ 6: ನಮ್ಮದು ಸಣ್ಣ ವ್ಯಾಪಾರ, ದೊಡ್ಡ ಸೈಟಿನ ಷರತ್ತು ಕಾಪಿ ಹೊಡೆದರಾಯಿತು.

ವಾಸ್ತವ: ಬೆಳಗಾವಿಯ ಶಹಾಪುರ, ವಡಗಾವಿಯ ಸೀರೆ ಇಂದು ಫೋನಿನಲ್ಲಿ ಮಾರಾಟವಾಗುತ್ತದೆ, ಅಲ್ಲಿನ ಕುಂದಾ ಕೊರಿಯರ್‌ನಲ್ಲಿ ಊರೂರು ಸುತ್ತುತ್ತದೆ. ಹೊರದೇಶದ ಸೈಟೊಂದರ ಷರತ್ತನ್ನು ಎತ್ತಿ ಅಂಟಿಸಿದರೆ ವಡಗಾವಿಯ ಸೀರೆಯ ಜಗಳ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ತೀರಬೇಕು ಎಂದು ಬರೆದಂತಾಗುತ್ತದೆ. ಗಿರಾಕಿಗೂ ನಗು, ಅಂಗಡಿಯವರಿಗೂ ಫಜೀತಿ.

ಬೇಕಾದದ್ದು ಬಹಳವಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವ ಸಂಸ್ಥೆಯ ಹೆಸರು, ವಿಳಾಸ, ಸಂಪರ್ಕ, ದೂರು ಕೇಳುವ ಅಧಿಕಾರಿಯ ಹೆಸರು ಕಾಣುವಂತಿರಬೇಕು. ದೂರು ಬಂದ 48 ಗಂಟೆಯೊಳಗೆ ಬಂತು ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಒಪ್ಪಿಗೆಯ ಚೌಕದಲ್ಲಿ ಮೊದಲೇ ಗುರುತು ಹಾಕಿಡುವಂತಿಲ್ಲ. ಉಳಿದದ್ದು ಅಂಗಡಿಯ ಗಲ್ಲೆಯಲ್ಲಿ ಕೂತು ಹೇಳುವ ಮಾತೇ:

"ಸೀರೆ ಕೈಸೇರಿದ 7 ದಿನದೊಳಗೆ ವಾಪಸ್ ಕಳಿಸಬಹುದು. ಉಟ್ಟಿರಬಾರದು, ಫಾಲ್ ಹಚ್ಚಿಸಿರಬಾರದು. ಕಳಿಸುವ ಖರ್ಚು ನಿಮ್ಮದು. ನಾವೇ ತಪ್ಪು ಸೀರೆ ಕಳಿಸಿದ್ದರೆ ಅಥವಾ ನೇಯ್ಗೆಯಲ್ಲಿ ದೋಷವಿದ್ದರೆ ಖರ್ಚು ನಮ್ಮದು. ಸೀರೆ ನಮಗೆ ಮುಟ್ಟಿದ 5 ದಿನದೊಳಗೆ ದುಡ್ಡು ನಿಮ್ಮ ಖಾತೆಗೆ ಬರುತ್ತದೆ. ಬರದಿದ್ದರೆ ಈ ನಂಬರಿಗೆ ಫೋನ್ ಮಾಡಿ."

ಇದಕ್ಕೆ ವಕೀಲರು ಬೇಡವೆಂದಲ್ಲ. ಬರೆದ ಮೇಲೆ ಅವರಿಗೆ ತೋರಿಸಿ. ಆದರೆ ಮೊದಲು ಬರೆಯಬೇಕಾದವರು ಗಿರಾಕಿಯ ಜೊತೆ ಮಾತಾಡುವವರು.

ತಪ್ಪು ಕಲ್ಪನೆ 7: "ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಎಂದು ಸ್ಪಷ್ಟವಾಗಿ ಬರೆದರೆ ಅದು ನಿಲ್ಲುತ್ತದೆ.

ವಾಸ್ತವ: ಬೆಳಗಾವಿಯ ಖಡೇ ಬಜಾರಿನಂಥ ಪೇಟೆಗಳ ಗೋಡೆಯಿಂದ ವೆಬ್‌ಸೈಟಿಗೆ ಇಳಿದು ಬಂದ ಸಾಲು ಇದು. ಓದಲು ಅತಿ ಸರಳ. ಆದರೂ ದೋಷವಿರುವ ಮಾಲಿನ ಮಟ್ಟಿಗೆ ಇದು ನಡೆಯದು. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ದೋಷದ ಮಾಲು ವಾಪಸ್ ಪಡೆದು ದುಡ್ಡು ಕೊಡಲು ಒಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕುಂದಾದಂಥ ತಿನಿಸನ್ನು ಮನಸ್ಸು ಬದಲಾಯಿತೆಂದು ವಾಪಸ್ ಪಡೆಯುವುದಿಲ್ಲ ಎನ್ನಬಹುದು. ಬೂಸ್ಟು ಹಿಡಿದು ಬಂದರೆ ಹಾಗೆನ್ನಲಾಗದು. ಅನ್ಯಾಯ ಸರಳ ಮಾತಿನಲ್ಲಿದ್ದರೂ ಅನ್ಯಾಯವೇ. ಸರಳ ಮಾತಿನಿಂದ ಒಂದು ಉಪಕಾರವಂತೂ ಆಗುತ್ತದೆ: ಅದು ಬೇಗ ಕಣ್ಣಿಗೆ ಬೀಳುತ್ತದೆ.

ತಪ್ಪು ಕಲ್ಪನೆ 8: ಆ್ಯಪ್ ಕೇಳಿದ ಅನುಮತಿಯನ್ನೆಲ್ಲ ಕೊಡಲೇಬೇಕು, ಕೊಟ್ಟ ಮೇಲೆ ವಾಪಸಿಲ್ಲ.

ವಾಸ್ತವ: 2023ರ ದತ್ತಾಂಶ ಕಾಯ್ದೆಯಲ್ಲೇ ಒಂದು ಉದಾಹರಣೆಯಿದೆ. ಫೋನಿನಲ್ಲಿ ವೈದ್ಯರ ಸಲಹೆ ಕೊಡುವ ಆ್ಯಪ್ ನಿಮ್ಮ ಫೋನಿನ ನಂಬರುಗಳ ಪಟ್ಟಿಯನ್ನೂ ಕೇಳುತ್ತದೆ, ನೀವು ಎರಡಕ್ಕೂ ಹೂಂ ಅನ್ನುತ್ತೀರಿ. ಔಷಧ ಹೇಳಲು ನಿಮ್ಮ ಬೀಗರ ನಂಬರ್ ಏಕೆ ಬೇಕು? ಹಾಗಾಗಿ ಒಪ್ಪಿಗೆ ವೈದ್ಯಕೀಯ ಸೇವೆಗೆ ಮಾತ್ರ ಅನ್ವಯಿಸುತ್ತದೆ. ಒಪ್ಪಿಗೆ ಹಿಂಪಡೆಯುವುದೂ ಕೊಟ್ಟಷ್ಟೇ ಸುಲಭವಿರಬೇಕು ಎನ್ನುತ್ತದೆ ಕಾಯ್ದೆ.

ಸಾಲದ ಆ್ಯಪ್‌ಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2022ರಲ್ಲೇ ಬಿಗಿ ಮಾಡಿದೆ. ಫೋಟೊ, ಫೈಲು, ಕರೆಗಳ ದಾಖಲೆ, ನಂಬರುಗಳ ಪಟ್ಟಿಗೆ ಅವು ಕೈಹಾಕುವಂತಿಲ್ಲ. 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಮುಖ್ಯಾಂಶಗಳ ಹಾಳೆ ಕಡ್ಡಾಯ. ಬಡ್ಡಿ ಮತ್ತು ಎಲ್ಲ ಶುಲ್ಕ ಸೇರಿ ವರ್ಷಕ್ಕೆ ಒಟ್ಟು ಎಷ್ಟು ಬೀಳುತ್ತದೆ ಎಂಬುದು ಅದರಲ್ಲಿರಬೇಕು. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದು, ವಿವರಿಸಿ, ತಿಳಿಯಿತು ಎಂದು ಒಪ್ಪಿಗೆ ಪಡೆಯಬೇಕು. ಹಾಳೆಯಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಮುಂದೆ ಹಾಕುವಂತಿಲ್ಲ. ಸರಳ ಕರಾರು ಹೇಗಿರಬೇಕು ಎಂಬುದಕ್ಕೆ ನಮ್ಮ ದೇಶದಲ್ಲೇ ಇರುವ ಒಳ್ಳೆಯ ಮಾದರಿ ಇದು. ಬೆಳಗಾವಿಯ ಯಾವ ಓಣಿಯಲ್ಲಿದ್ದರೂ ಸಾಲ ಪಡೆಯುವಾಗ ಕೇಳಬೇಕಾದ ಮೊದಲ ಮಾತು: "ಆ ಹಾಳಿ ಕನ್ನಡದಾಗ ಕೊಡ್ರಿ."

ತಪ್ಪು ಕಲ್ಪನೆ 9: ವ್ಯಾಜ್ಯ ದೆಹಲಿಯಲ್ಲೇ ನಡೆಯಬೇಕು ಎಂದು ಬರೆದಿದ್ದರೆ ದೆಹಲಿಗೇ ಹೋಗಬೇಕು.

ವಾಸ್ತವ: ಗ್ರಾಹಕ ತಾನು ವಾಸವಿರುವ ಅಥವಾ ದುಡಿಯುವ ಜಾಗದ ಆಯೋಗದಲ್ಲೇ ದೂರು ಕೊಡಬಹುದು ಎಂದು 2019ರ ಕಾಯ್ದೆಯ ಕಲಂ 34 ಹೇಳುತ್ತದೆ. ಮೊದಲು ಎದುರು ಪಕ್ಷದ ಊರನ್ನೋ ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಜಾಗವನ್ನೋ ಹುಡುಕಿಕೊಂಡು ಹೋಗಬೇಕಿತ್ತು. ಖಾನಾಪುರದವರಿಗೆ ಈಗ ಬೆಳಗಾವಿಯ ಜಿಲ್ಲಾ ಆಯೋಗ ಸಾಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿನ ಶುಲ್ಕವೂ ಇಲ್ಲ. "ಪಂಚರ ಮುಂದೆಯೇ ತೀರಬೇಕು" ಎಂಬ ಕಲಮು ಕರಾರಿನಲ್ಲಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಕರೆ ಮಾಡಿ ನೋಡಬಹುದು.

ಇಷ್ಟೆಲ್ಲ ಕಾನೂನು ಇದ್ದರೂ ಷರತ್ತು ಬರೆಸುವವರ ಕೈಯಲ್ಲಿ ಇನ್ನೊಂದು ಪರೀಕ್ಷೆ ಉಳಿಯುತ್ತದೆ, ಅದಕ್ಕೆ ಖರ್ಚಿಲ್ಲ. ನಿಮ್ಮ ಸೈಟಿನ ಷರತ್ತುಗಳನ್ನು ಕಾಗದಕ್ಕೆ ಇಳಿಸಿ, ಅಂಗಡಿಗೆ ಬಂದ ಗಿರಾಕಿಯನ್ನು ಕೂರಿಸಿ, ಚಹಾ ಕೊಟ್ಟು, ಮುಖ ನೋಡುತ್ತ ಒಂದೊಂದೇ ಸಾಲು ಓದಿ ಹೇಳಿ. ಅವರು "ಹೌದ್ರಿ" ಅಂದ ಸಾಲನ್ನು ಇಡಿ. "ಅಂದ್ರ ಏನ್ರಿ?" ಅಂದ ಸಾಲನ್ನು ಬಿಡಿಸಿ ಬರೆಯಿರಿ. ಓದುವಾಗ ನಿಮ್ಮ ದನಿಯೇ ತಗ್ಗಿದ, ಕಣ್ಣು ಕಾಗದದಿಂದ ಮೇಲೇಳದ ಸಾಲೊಂದು ಸಿಕ್ಕರೆ, ಅದು ಭಾಷೆಯ ತೊಡಕಲ್ಲ. ಅದನ್ನು ತಿದ್ದುವ ಗೋಜಿಗೆ ಹೋಗಬೇಡಿ, ಹೊಡೆದುಹಾಕಿ.